ಮೂರಿಂಚು ಹೆಚ್ಚಾದ ಹತ್ತು ಮಂಚ

ಮೊದಲ ಹಾಳೆ
(ಲೆಕ್ಕಕ್ಕೆಂದು ಖಾಲಿ ಬಿಟ್ಟಿದ್ದು. ತುಂಬಿಸಿದ್ದು ಆಗಸ್ಟ್ 3ರಂದು.)

ಮಕ್ಕಳ ಹಗ್ಗದ ಮಂಚ ಹತ್ತು, ಒಂದಕ್ಕೆ 1,150ರಂತೆ 11,500. ಮೇಲೆ ಹಾಸಲು ಹಳೇ ಸೀರೆಯ ಕೌದಿ ಹತ್ತು, ಸೀರೆ ನನ್ನವೇ, ಹೊಲಿಗೆ ಕೂಲಿ 60ರಂತೆ 600. ಒದ್ದೆಯಾಗದಿರಲು ರಬ್ಬರ್ ಶೀಟು ಹತ್ತು, 90ರಂತೆ 900. ಲಗೇಜ್ ಆಟೋ 1,400. ಮಂಚ ಮಾಡಿದವರಿಗೆ ಎಲೆ ಅಡಿಕೆಯಲ್ಲಿ ಇಟ್ಟು ಕೊಟ್ಟದ್ದು 101. ಬಸ್ಸು ಸೊನ್ನೆ, ಹೆಂಗಸರಿಗೆ ಫ್ರೀ.

ಒಟ್ಟು 14,501.

ಕೊನೆಯ ಆ ಒಂದು ರೂಪಾಯಿ ಕಣ್ಣಿಗೆ ಚುಚ್ಚುತ್ತದೆ. ಆದರೆ ಶುಭಕ್ಕೆ ಕೊಟ್ಟದ್ದರಲ್ಲಿ ಚೌಕಾಸಿ ಮಾಡಬಾರದು. ಇಷ್ಟು ಖರ್ಚಿನಿಂದ ಯಾರಿಗೆ ಏನು ಸಿಕ್ಕಿತು ಎಂಬುದನ್ನು ಕೊನೆಯಲ್ಲಿ ಬರೆದಿದ್ದೇನೆ.

ಜೂನ್ 9, ಸೋಮವಾರ

ತುಮಕೂರಿನ ಡಾಕ್ಟರು ಒಂದು ಪುಸ್ತಕ ಇಡಲು ಹೇಳಿದರು. ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು, ಮಾತ್ರೆ ತೆಗೆದುಕೊಂಡೆನೋ ಇಲ್ಲವೋ, ಬರೆದಿಟ್ಟು ಎರಡು ತಿಂಗಳ ಮೇಲೆ ತೋರಿಸಬೇಕಂತೆ. ಇನ್ನೂರು ಪುಟದ ನೋಟ್‌ಬುಕ್ಕಿಗೆ 55 ರೂಪಾಯಿ. ದಿನಕ್ಕೆ ಒಂದು ಸಾಲು ಬರೆದರೆ ಉಳಿದ ಕಾಗದ ದಂಡ. ಹಾಗಾಗಿ ಬೇರೆಯದನ್ನೂ ಇದರಲ್ಲೇ ಬರೆಯುತ್ತೇನೆ.

ಹಿರೇಹಳ್ಳಿಯ ನಮ್ಮ ಮನೆಯಲ್ಲಿ ಹಗಲು ಹತ್ತು ಮಕ್ಕಳಿರುತ್ತವೆ. ಯಾವುದಕ್ಕೂ ನಾಲ್ಕು ವರ್ಷ ತುಂಬಿಲ್ಲ. ಎಲ್ಲರ ತಾಯಂದಿರೂ ಸ್ವಿಚ್ಚು ಪ್ಲಗ್ಗು ಮಾಡುವ ಎದುರಿನ ಫ್ಯಾಕ್ಟರಿಗೆ ಹೋಗುವವರು. ಮೊದಲು ಅದೇ ಗೇಟಿನ ಮುಂದೆ ನಾನು ಇಡ್ಲಿ ಮಾರುತ್ತಿದ್ದೆ. ಇಡ್ಲಿ ಉಳಿದರೆ ಹಳಸುತ್ತದೆ, ಮಕ್ಕಳು ಸಂಜೆ ಮನೆಗೆ ಹೋಗುತ್ತವೆ. ಅದಕ್ಕೇ ಕಸುಬು ಬದಲಾಯಿಸಿದೆ. ಒಂದು ಮಗುವಿಗೆ ತಿಂಗಳಿಗೆ 1,200.

ಇವತ್ತು ಫ್ಯಾಕ್ಟರಿಯಿಂದ ಭಾನುಪ್ರಕಾಶ್ ಎಂಬ ಹುಡುಗ ಬಂದಿದ್ದ. ಕಾರ್ಮಿಕರ ಕ್ಷೇಮ ನೋಡುವುದು ಅವನ ಕೆಲಸವಂತೆ. ಮಗುವಿಗೆ 1,800ರಂತೆ ಇನ್ನು ಕಂಪನಿಯೇ ಕೊಡುತ್ತದೆ, ತಾಯಂದಿರು ಕೊಡಬೇಕಿಲ್ಲ ಎಂದ. ನಾನು ಕಾಫಿಗೆ ಸಕ್ಕರೆ ಜಾಸ್ತಿ ಹಾಕಿದೆ. ಆಮೇಲೆ ಷರತ್ತು ತೆಗೆದ.

"ನೆಲದ ಮೇಲೆ ಮಲಗ್ಸೋದು ನಡೆಯಲ್ಲ ಮೇಡಂ. ಒಂದು ಮಗೂಗೆ ಒಂದು ಬೆಡ್ಡು. ನಾಲ್ಕಡಿಗೆ ಎರಡಡಿ. ನಡುವೆ ಅರ್ಧ ಅಡಿ ಗ್ಯಾಪು. ಆಡಿಟ್‌ನವ್ರು ಫೋಟೋ ಕೇಳ್ತಾರೆ."

"ನೀವು ಚಿಕ್ಕೋರಿದ್ದಾಗ ಹಂಗೇ ಮಲಗ್ತಿದ್ರಾ ಸಾರ್, ಗ್ಯಾಪ್ ಬಿಟ್ಕೊಂಡು?"

"ನಾವು ಏಳು ಜನ ಒಂದೇ ಜಮಖಾನದ ಮೇಲೆ ಮಲಗ್ತಿದ್ವಿ. ಅದು ಬೇರೆ, ಆಡಿಟ್ ಬೇರೆ."

ಜುಲೈ 20ರೊಳಗೆ ಆಗದಿದ್ದರೆ ತುಮಕೂರಿನ ಒಂದು ಪ್ಲೇ ಹೋಮ್‌ನವರು ಕಾಯುತ್ತಿದ್ದಾರಂತೆ. ವ್ಯಾನು ಸಮೇತ.

ನಮ್ಮ ಹಾಲು ಹನ್ನೆರಡಡಿಗೆ ಹನ್ನೆರಡಡಿ. ಸಾಲಿಗೆ ಐದು ಮಂಚ, ಎರಡು ಸಾಲು. ಐದೆರಡಲ ಹತ್ತು, ನಡುವಿನ ನಾಲ್ಕು ಗ್ಯಾಪಿಗೆ ಎರಡಡಿ. ಹನ್ನೆರಡು. ಗೋಡೆಯೇ ಅವನ ಲೆಕ್ಕ ಕೇಳಿಕೊಂಡು ಕಟ್ಟಿದ ಹಾಗಿದೆ.

ಮಾತ್ರೆ: ಒಂದು. ನಿದ್ದೆ: ಮೂರು ಗಂಟೆ.

ಜೂನ್ 15, ಭಾನುವಾರ

ತುಮಕೂರಿನ ಅಂಗಡಿಗಳಲ್ಲಿ ಮಕ್ಕಳ ಮಂಚಕ್ಕೆ ಆರೂವರೆ ಸಾವಿರ. ಅದರ ತಲೆದೆಸೆಗೆ ಮೊಲದ ಚಿತ್ರ ಅಂಟಿಸಿರುತ್ತಾರೆ. ಹತ್ತು ಮೊಲಕ್ಕೆ ಅರವತ್ತೈದು ಸಾವಿರ ಕೊಡುವ ಪೈಕಿ ನಾನಲ್ಲ.

ಗುಬ್ಬಿಯಲ್ಲಿ ಬಸ್ಸು ಬದಲಿಸಿ ತವರೂರು ಕಡಬಕ್ಕೆ ಹೋದೆ. ಕೆರೆ ಏರಿ ಇಳಿದ ಕೂಡಲೇ ರೇವಣಸಿದ್ದಯ್ಯನವರ ಮನೆ. ಎಪ್ಪತ್ತು ದಾಟಿದೆ, ಇನ್ನೂ ತೆಂಗಿನ ನಾರಿನ ಹಗ್ಗದಲ್ಲಿ ಮಂಚ ಹೆಣೆಯುತ್ತಾರೆ. ನೀಲಗಿರಿ ಮರದ ಕಟ್ಟು, ನಾಲ್ಕು ಗಿಡ್ಡ ಕಾಲು. ಮಗು ಉರುಳಿದರೂ ನೆಲ ಒಂದು ಗೇಣು. 1,500 ಹೇಳಿದರು. ನಾನು 900ಕ್ಕೆ ಕೂತೆ. ಮಜ್ಜಿಗೆ ಎರಡು ಲೋಟ ಖಾಲಿಯಾಗುವ ಹೊತ್ತಿಗೆ 1,150ಕ್ಕೆ ಬಂತು.

ಅಳತೆ ಚೀಟಿ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಮಕ್ಕಳು ಮಲಗೋ ಮಂಚ ಕಣವ್ವ. ಅಳತೆ ನೋಡಿ ಮಾಡ್ಬೇಕು."

"ನೋಡೇ ಮಾಡು ರೇವಣಣ್ಣ. ಯಾರು ಬ್ಯಾಡ ಅಂದವ್ರು?"

ಮಾತ್ರೆ: ಒಂದು. ನಿದ್ದೆ: ಎರಡೂವರೆ ಗಂಟೆ. ನಮ್ಮ ಸಾಗವಾನಿ ಮಂಚ ಆರೂವರೆ ಅಡಿಗೆ ಐದಡಿ. ಗೋಡೆ ಕಡೆಯ ಅರ್ಧ ನನ್ನದು. ಇನ್ನರ್ಧ ಹೋದ ವರ್ಷ ಮಾರ್ಚಿನಿಂದ, ಯಜಮಾನರು ಹೋದಾಗಿನಿಂದ, ಖಾಲಿ.

ಜೂನ್ 18, ಬುಧವಾರ

ಹತ್ತರಲ್ಲಿ ಒಂಬತ್ತು ಮಕ್ಕಳು ಮಧ್ಯಾಹ್ನ ಮಲಗುತ್ತವೆ. ಚಂದ್ರು ಎಂಬುವನಂತೂ ಅನ್ನ ಬಾಯಲ್ಲಿಟ್ಟುಕೊಂಡೇ ಮಲಗುತ್ತಾನೆ. ಮಲಗದ ಒಂದು ತೇಜಸ್ವಿನಿ. ಎರಡೂವರೆ ವರ್ಷ. ಬಂದು ಹದಿನೈದು ದಿನವಾಯಿತು. ಎರಡು ಗಂಟೆಗೆ ರಾಗ ತೆಗೆದರೆ ಉಳಿದವೂ ಒಂದೊಂದೇ ಎದ್ದು ಸೇರಿಕೊಳ್ಳುತ್ತವೆ.

ತಾಯಿ ಸುಧಾ ಪ್ಯಾಕಿಂಗ್‌ನಲ್ಲಿ ಕಾಂಟ್ರಾಕ್ಟ್ ಕೂಲಿ. ಗಂಡ ಲಾರಿ ಮೇಲೆ ಹೋದರೆ ಹತ್ತು ದಿನ. ಸಂಜೆ ಅವಳನ್ನು ಕೇಳಿದೆ, "ಮನೇಲಿ ಹೆಂಗಮ್ಮ ಮಲಗುತ್ತೆ ಇದು?"

"ನನ್ ಕಿವಿ ಹಿಡ್ಕೊಂಡು ಮಲಗ್ತಾಳೆ ಅಮ್ಮ. ಹಾಲೆ ಉಜ್ಜುತಾ ಇರ್ತಾಳೆ. ಕಿವಿ ಸಿಕ್ಕಿಲ್ಲ ಅಂದ್ರೆ ಮುಗೀತು."

"ಕಿವಿ ಬಿಟ್ಟೋಗು ನಾಳೆಯಿಂದ."

ನಕ್ಕಳು. ಆಮೇಲೆ ಸೆರಗಿನಿಂದ ಮಗುವಿನ ಮೂಗು ಒರೆಸುತ್ತಾ, "ಇವಳನ್ನ ತೆಗೆದಾಕ್ಬೇಡಿ ಅಮ್ಮ" ಅಂದಳು. ಒಂಬತ್ತು ಮಕ್ಕಳ ನಿದ್ದೆ ಕೆಡಿಸುವ ಒಂದು ಮಗು ಅಂದರೆ ತಿಂಗಳಿಗೆ 1,200 ಅಲ್ಲ, ಅದಕ್ಕಿಂತ ಕಡಿಮೆ.

ಮಾತ್ರೆ: ಒಂದು. ನಿದ್ದೆ: ಮೂರು.

ಜೂನ್ 29, ಭಾನುವಾರ

ಮಂಚ ಬಂದವು. ನೋಡಲು ಅಂದವಾಗಿವೆ, ಹಗ್ಗ ಬಿಗಿಯಾಗಿದೆ, ಬೆರಳಲ್ಲಿ ತಟ್ಟಿದರೆ ತಮಟೆಯ ಸದ್ದು. ಆಟೋದವನಿಗೆ ದುಡ್ಡು ಕೊಟ್ಟು ಕಳಿಸಿ ಒಂದು ಸಾಲು ಜೋಡಿಸಿದೆ. ಐದನೆಯದು ಗೋಡೆಗೆ ಬಡಿಯಿತು.

ಟೇಪು ತಂದು ಹಿಡಿದೆ. ನಲವತ್ತೆಂಟಕ್ಕೆ ಇಪ್ಪತ್ತನಾಲ್ಕು ಇಂಚು ಇರಬೇಕಾದದ್ದು ಐವತ್ತೊಂದಕ್ಕೆ ಇಪ್ಪತ್ತೇಳು. ಒಂದಲ್ಲ, ಹತ್ತೂ. ತಪ್ಪಾಗಿದ್ದರೆ ಒಂದೆರಡು ಹೆಚ್ಚುಕಡಿಮೆ ಇರುತ್ತಿತ್ತು. ಇದು ಬೇಕೆಂದೇ ಮಾಡಿದ್ದು. ಫೋನು ಹಚ್ಚಿದೆ.

"ಹೂಂ ಕಣವ್ವ, ಮೂರ್ಮೂರು ಇಂಚು ಬೆಳೆಸಿವ್ನಿ. ನೀನ್ ಕೊಟ್ಟ ಅಳತೆಗೆ ಆಯ ಬರಾಕಿಲ್ಲ. ಉದ್ದಾನ ಅಗಲದಿಂದ ಗುಣಿಸು, ಎಂಟರಿಂದ ಭಾಗ್ಸು. ಒಂದು ಉಳಿದ್ರೆ ಧ್ವಜಾಯ, ಶ್ರೇಷ್ಠ. ಏನೂ ಉಳೀದಿದ್ರೆ ಕಾಗೆ ಆಯ. ಕಾಗೆ ಆಯದ ಮಂಚದಾಗೆ ಕೂಸು ಮಲಗಿಸ್ತೀಯಾ? ಅದ್ಕೆ ನಿದ್ದೆ ಹತ್ತದುಂಟಾ?"

"ನಮ್ಮನೆ ಗೋಡೆ ಬೆಳೆಯಲ್ವಲ್ಲ ರೇವಣಣ್ಣ!"

"ಗೋಡೆ ನಾನು ಮಾಡಿದ್ದಲ್ಲ ಬುಡು. ನೋಡಿ ಮಾಡು ಅಂದೋಳು ನೀನೇ ಅಲ್ವಾ?"

ಫೋನಿಟ್ಟು ನಾನೇ ಗುಣಿಸಿದೆ. ನಲವತ್ತೆಂಟು ಇಪ್ಪತ್ತನಾಲ್ಕಲ 1,152. ಎಂಟರಿಂದ ಭಾಗಿಸಿದರೆ ಏನೂ ಉಳಿಯಲಿಲ್ಲ. ಐವತ್ತೊಂದು ಇಪ್ಪತ್ತೇಳಲ 1,377. ಒಂದು ಉಳಿಯಿತು. ಮುದುಕನ ಲೆಕ್ಕ ಸರಿಯಾಗಿಯೇ ಇದೆ. ತಪ್ಪಿದ್ದರೆ ಬೈಯಬಹುದಿತ್ತು.

ಕಡಬಕ್ಕೆ ವಾಪಸ್ ಕಳಿಸಿ ಕತ್ತರಿಸಿ ಹೊಸದಾಗಿ ಹೆಣೆಸಿ ತರಿಸುವುದಕ್ಕೆ ಹೊಸ ಮಂಚದ ಅರ್ಧ ದುಡ್ಡು ಬೇಕು. ಸಾಲಿಗೆ ಐದು ಇಟ್ಟರೆ ಉಳಿಯುವುದು ಒಂಬತ್ತೇ ಇಂಚು. ನಾಲ್ಕು ಸಂದಿಗೆ ಹಂಚಿದರೆ ಎರಡೂಕಾಲು. ಮಗುವಿನ ಕಾಲು ಸಿಕ್ಕಿಕೊಳ್ಳಲು ಅಷ್ಟು ಸಾಕು.

ಮಾತ್ರೆ: ಒಂದೂವರೆ. ನಿದ್ದೆ: ಇಲ್ಲವೆಂದೇ ಬರೆಯಬಹುದು.

ಜೂನ್ 30, ಸೋಮವಾರ

ಸಂದಿಯೇ ಬೇಡವೆಂದು ಐದೈದನ್ನೂ ಒಂದಕ್ಕೊಂದು ಅಂಟಿಸಿ ಕಾಲುಗಳನ್ನು ಬಿಗಿದು ಕಟ್ಟಿದೆ. ಎರಡು ದೊಡ್ಡ ಜಗಲಿಯಂತಾದವು. ಭಾನುಪ್ರಕಾಶ್ ಬರುವವರೆಗೆ ಹೀಗೇ ಇರಲಿ.

ಮಕ್ಕಳು ಮೊದಲು ಕುಣಿದವು. ಹಗ್ಗ ಎಷ್ಟು ಬಿಗಿ ಎಂದು ಅದರಿಂದ ಗೊತ್ತಾಯಿತು. ಆಮೇಲೆ ಒಂದರ ಮೇಲೊಂದು ಕಾಲು ಹಾಕಿಕೊಂಡು ಮಲಗಿದವು. ತೇಜು ಕೂತೇ ಇತ್ತು, ಪಕ್ಕದಲ್ಲಿದ್ದ ಚಂದ್ರುವಿನ ಕಿವಿಗೆ ಕೈ ಹಾಕಿತು. ಅವನು ನಿದ್ದೆಯಲ್ಲೇ ಕೊಡವಿದ. ಇನ್ನೇನು ರಾಗ ಶುರು ಎಂದು ನಾನೇ ಅಂಚಿನಲ್ಲಿ ಒರಗಿ ಕಿವಿ ಕೊಟ್ಟೆ. ನನ್ನ ಓಲೆ ಚುಚ್ಚಿತೇನೋ, ಕೈ ಹಿಂತೆಗೆಯಿತು. ಓಲೆ ಬಿಚ್ಚಿ ಡಬ್ಬಿಗೆ ಹಾಕಿ ಮತ್ತೆ ಕೊಟ್ಟೆ. ಹತ್ತು ನಿಮಿಷ ಉಜ್ಜಿತು. ಮಲಗಿತು.

ಕಿವಿ ಬಾಡಿಗೆಗೆ ರೇಟು ಎಷ್ಟು ಹಾಕಬೇಕೋ ತಿಳಿಯದು. ಸದ್ಯಕ್ಕೆ ಬರೆದಿಲ್ಲ.

ಹೊಸ ಮಾತ್ರೆ ಶೀಟು ತಂದೆ. ಹದಿನೈದಕ್ಕೆ 90.

ಮಾತ್ರೆ: ಒಂದು. ನಿದ್ದೆ: ನಾಲ್ಕು.

ಜುಲೈ 2, ಬುಧವಾರ

ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಏನು ಮಾಡಿದೆ ಎಂದು ನೆನಪಿಲ್ಲ. ಕೆಲಸ ಮಾಡಿರಬೇಕು. ಆದರೆ ಪಾತ್ರೆ ತೊಳೆಯದೆ ಹಾಗೇ ಬಿದ್ದಿದ್ದವು. ಚಂದ್ರು ಬಂದು "ಮಂಗ್ಳಜ್ಜಿ, ಎದ್ದೇಳು, ಬಿಸ್ಕತ್ತು" ಎಂದು ಮೂಗು ಹಿಂಡಿದ. ನಾನು ಮಲಗಿರಲಿಲ್ಲ, ಕಣ್ಣು ಮುಚ್ಚಿದ್ದೆ ಅಷ್ಟೆ.

ಮಾತ್ರೆ: ನಿನ್ನೆ ಒಂದು, ಇವತ್ತು ಒಂದು.

ಜುಲೈ 8, ಮಂಗಳವಾರ

ಭಾನುಪ್ರಕಾಶ್ ಸರಿಯಾಗಿ ಎರಡೂವರೆಗೆ ಬಂದ. ಮಕ್ಕಳೆಲ್ಲ ಮಲಗಿದ್ದವು. ಬಾಗಿಲಲ್ಲೇ ನಿಂತು ಪಿಸುಗುಟ್ಟಿದ, "ಇದೇನ್ ಮೇಡಂ, ಮದುವೆ ಛತ್ರ ಮಾಡ್ಬಿಟ್ಟಿದೀರ?"

"ಛತ್ರದಲ್ಲಿ ಇಷ್ಟು ಚೆನ್ನಾಗಿ ಯಾರು ಮಲಗ್ತಾರೆ ಸಾರ್?"

"ಗ್ಯಾಪು?"

ಮೂರಿಂಚಿನ ಕಥೆ ಹೇಳಿದೆ. ಕಾಗೆ ಆಯ ಅಂದಾಗ ಅವನ ಪೆನ್ನು ನಿಂತಿತು. ಅವರ ತಾತನೂ ಹೀಗೇ ಭಾಗಿಸುತ್ತಿದ್ದನಂತೆ. ಆದರೂ ಟೇಪು ಹಿಡಿದ. ಗ್ಯಾಪು ಬಿಟ್ಟರೆ ಸಾಲಿಗೆ ನಾಲ್ಕೇ ಮಂಚ, ಒಟ್ಟು ಎಂಟು. ಹೆಸರಿನ ಪಟ್ಟಿ ತೆಗೆದು ನೋಡಿ ಅವನ ಮುಖ ಅರಳಿತು.

"ಪ್ರಾಬ್ಲಮ್ಮೇ ಇಲ್ಲ ಬಿಡಿ ಮೇಡಂ. ನಮ್ಮ ಪಟ್ಟೀಲಿ ಇರೋದೇ ಎಂಟು. ತೇಜಸ್ವಿನಿ, ಚಂದ್ರು ಇಬ್ರೂ ಕಾಂಟ್ರಾಕ್ಟ್‌ನವ್ರ ಮಕ್ಕಳು, ಕಂಪನಿಗೆ ಸೇರಲ್ಲ. ಅವೆರಡನ್ನ ಬಿಡಿ, ಎಂಟು ಮಂಚ ಬಿಡಿಸಿ ಹಾಕಿ, ಮುಂದಿನ ಬುಧವಾರ ಸೈನ್ ಮಾಡೋಣ."

"ಆ ಎರಡು ಎಲ್ಲಿ ಮಲಗ್ಬೇಕು?"

"ಅದು ನಮ್ಮ ಫಾರ್ಮಲ್ಲಿ ಇಲ್ಲ ಮೇಡಂ." ಹೇಳುವಾಗ ನನ್ನ ಮುಖ ನೋಡಲಿಲ್ಲ. ಕೆಟ್ಟವನಲ್ಲ.

ಮಾತ್ರೆ: ಒಂದು.

ಜುಲೈ 9, ಬುಧವಾರ

ಲೆಕ್ಕ. ಎರಡನ್ನು ಬಿಟ್ಟರೆ ಎಂಟಕ್ಕೆ 14,400. ಹತ್ತನ್ನೂ ಹಾಲಿನಲ್ಲೇ ಇಟ್ಟುಕೊಂಡರೆ ಕರಾರು ಇಲ್ಲ, ಎಂಟೂ ವ್ಯಾನು ಹತ್ತುತ್ತವೆ, ಕೈಯಲ್ಲಿ ಉಳಿಯುವುದು ಎರಡು ಮಗು, 2,400. ಇದಕ್ಕೆ ಪೆನ್ನು ತೆಗೆಯುವ ಅಗತ್ಯವೂ ಇರಲಿಲ್ಲ.

ಚಂದ್ರುವಿಗೆ ಊರಲ್ಲಿ ಅಜ್ಜಿ ಇದ್ದಾಳೆ. ಸುಧಾಳಿಗೆ ಸಂಜೆ ಹೇಳಿದೆ. ಸಣ್ಣದಾಗಿ, ನೇರವಾಗಿ. ವ್ಯಾಪಾರದಲ್ಲಿ ಸುತ್ತಿ ಬಳಸಿ ಹೇಳಿದರೆ ಎದುರಿನವರಿಗೆ ಆಸೆ ಹುಟ್ಟುತ್ತದೆ.

ಅಳಲಿಲ್ಲ. "ಎಷ್ಟು ದಿನ ಟೈಮ್ ಐತಮ್ಮ?" ಅಂದಳು.

"ಬುಧವಾರದ ತನಕ. ಮುಂಚೆ ಎಲ್ಲಿ ಬಿಡ್ತಿದ್ದೆ?"

"ಪ್ಯಾಕಿಂಗ್ ಟೇಬಲ್ ಕೆಳಗೆ, ರಟ್ಟಿನ ಡಬ್ಬದಲ್ಲಿ. ಸೂಪರ್‌ವೈಸರ್ ನೋಡೋ ತನಕ ನಡೀತು. ಈಗ ಅವ್ರು ಸುಮ್ನಿದ್ರೂ ಆಗಲ್ಲ ಅಮ್ಮ. ಡಬ್ಬಕ್ಕೆ ಹಿಡಿಯಲ್ಲ, ಕಾಲು ಉದ್ದ ಆಗವೆ." ಮಗುವಿನ ಕಾಲನ್ನು ಗೇಣು ಹಾಕಿ ತೋರಿಸಿದಳು. "ಕೆಲಸ ಬುಡ್ತೀನಿ ಬುಡಿ. ಇನ್ನೇನು ಮಾಡಾಕಾಯ್ತದೆ?"

ಅವಳ ಕೂಲಿ ದಿನಕ್ಕೆ 430. ಬಿಟ್ಟರೆ ನನಗೇನೂ ನಷ್ಟವಿಲ್ಲ.

ಊಟ ಮಾಡಲಿಲ್ಲ. ಹಸಿವಿರಲಿಲ್ಲ. ಟೇಪು ಹಿಡಿದು ಒಳಕೋಣೆ ಅಳೆದೆ, ಸುಮ್ಮನೆ. ಏಳಡಿಗೆ ಆರು. ಅದರಲ್ಲಿ ಸಾಗವಾನಿ ಮಂಚ ಒಂದೇ ಮುಕ್ಕಾಲು ಜಾಗ ತಿಂದಿದೆ. ಉಳಿದದ್ದರಲ್ಲಿ ನಾನು ಓರೆಯಾಗಿ ನಡೆಯುತ್ತೇನೆ.

ಜುಲೈ 13, ಭಾನುವಾರ

ಮಗಳು ಅನುಪಮಾ ಕುಣಿಗಲ್‌ನಲ್ಲಿದ್ದಾಳೆ. ಈ ಸಾಗವಾನಿ ಮಂಚವನ್ನು ಹೋದ ವರ್ಷವೇ ಕೇಳಿದ್ದಳು. ಕೊಟ್ಟಿರಲಿಲ್ಲ. ಶುಕ್ರವಾರ ನಾನೇ ಫೋನು ಮಾಡಿದೆ.

"ಬಂದು ಮಂಚ ತಗೊಂಡೋಗೇ. ಒಂಬತ್ತು ಸಾವಿರ."

"ಏನಮ್ಮ ಆಯ್ತು ನಿಂಗೆ? ಮುಟ್ಟಕ್ಕೂ ಬಿಟ್ಟಿರ್ಲಿಲ್ಲ. ಅದೂ ಅಪ್ಪನ ಮಂಚಕ್ಕೆ ನನ್ ಹತ್ರಾನೇ ದುಡ್ಡಾ?"

"ಹೊರಗಡೆ ಹದಿನೆಂಟು ಕೊಡ್ತಾರೆ. ಅಪ್ಪನ ಅರ್ಧ ಫ್ರೀ. ನನ್ನ ಅರ್ಧಕ್ಕೆ ಕೇಳ್ತಿರೋದು."

"ನೀನ್ ಎಲ್ಲಿ ಮಲಗ್ತೀಯಮ್ಮ?"

"ಹತ್ತು ಮಂಚ ಅವೆ ಕಣೇ ಮನೇಲಿ. ಇಷ್ಟು ಮಂಚ ಯಾವ ಸಾಹುಕಾರನ ಮನೇಲೈತೆ?"

ಇವತ್ತು ಗಾಡಿ ತಂದು ತೆಗೆದುಕೊಂಡು ಹೋದಳು. ಅಳಿಯ ಕಾಲು ಬಿಚ್ಚುವಾಗ ಒಂದು ಸಲ ಬಾಗಿಲಿಗೆ ತಾಗಿಸಿದ. ಮಂಚದ ಕೆಳಗೆ ಸಿಕ್ಕಿದ್ದು: ಎರಡು ರೂಪಾಯಿ ನಾಣ್ಯ ಒಂದು, ಸೇಫ್ಟಿ ಪಿನ್ನು ಮೂರು, ಯಜಮಾನರ ಕನ್ನಡಕದ ಒಂದು ಕಾಲು. ನಾಣ್ಯ ಜಮೆ. ಕನ್ನಡಕದ ಕಾಲನ್ನು ಇಟ್ಟಿದ್ದೇನೆ, ಯಾವುದಕ್ಕಾದರೂ ಬರುತ್ತದೆ. ನೆಲದಲ್ಲಿ ಮಂಚದ ಕಾಲಿನ ನಾಲ್ಕು ಗುರುತು ಉಳಿದಿವೆ. ಉಜ್ಜಿದರೆ ಹೋಗುವಂಥವಲ್ಲ.

ಎರಡು ಚಿಕ್ಕ ಮಂಚ ಒಳಗೆ ಹಾಕಿದೆ. ಹಾಲಿನಲ್ಲಿ ಎಂಟು, ಸಾಲಿಗೆ ನಾಲ್ಕು, ಅರ್ಧ ಅಡಿ ಗ್ಯಾಪು. ಸಾಲಿನ ಕೊನೆಗೆ ಇನ್ನೂ ಒಂದೂವರೆ ಅಡಿ ಮಿಕ್ಕಿತು. ಬೇಕಾದರೆ ಆಡಿಟ್‌ನವರು ಅಲ್ಲಿ ನಿಂತುಕೊಳ್ಳಲಿ.

ರಾತ್ರಿಗೆ ಹಾಲಿನ ಮೂರು ಮಂಚ ಸೇರಿಸಿ ಅಡ್ಡ ಮಲಗಿದರೆ ಎಂಬತ್ತೊಂದು ಇಂಚು. ನನಗೆ ಅರವತ್ತು ಸಾಕು.

ಜುಲೈ 16, ಬುಧವಾರ

ಭಾನುಪ್ರಕಾಶ್ ಅಳೆದ, ಫೋಟೋ ತೆಗೆದ, ತಲೆಯಾಡಿಸಿದ. ಆಮೇಲೆ ಒಳಕೋಣೆಗೆ ಇಣುಕಿದ. ಒಳಗೆ ಚಂದ್ರು ಮಲಗಿದ್ದ. ತೇಜು ನನ್ನ ಹಳೇ ಸೀರೆಯ ಕೌದಿಯ ಮೂಲೆಯನ್ನು ಬೆರಳಲ್ಲಿ ಉಜ್ಜುತ್ತಾ ಮಲಗಿತ್ತು. ಅದರ ಮೂಲೆಗೆ ಎರಡು ಮಡಿಕೆ ಹಾಕಿ ಕಿವಿಯ ಹಾಲೆಯಷ್ಟು ದಪ್ಪಕ್ಕೆ ಹೊಲಿದಿದ್ದೆ. ನಾನು ಬೇರೆ ಕೆಲಸದಲ್ಲಿದ್ದಾಗ ನಡೆಯುತ್ತದೆ.

"ಮೇಡಂ, ಇವ್ರಿಬ್ರು..."

"ನನ್ನ ಕೋಣೆ ಸಾರ್ ಅದು. ನನ್ನ ಮನೆ ಮಕ್ಕಳು."

ನೆಲದ ನಾಲ್ಕು ಗುರುತು ನೋಡಿದ. ಆಮೇಲೆ ನನ್ನನ್ನು. "ನಿಮ್ಮ ರೂಮಲ್ಲಿ ನಿಮ್ಮ ಮಕ್ಕಳು ಮಲಗಿದ್ರೆ ಕಂಪನಿಗೇನು ಸಂಬಂಧ?" ಎಂದು ಕರಾರಿಗೆ ಸೈನು ಹಾಕಿಸಿಕೊಂಡ. ಚಪ್ಪಲಿ ಮೆಟ್ಟುತ್ತಾ ತಿರುಗಿದ. "ನನ್ ಮಗಳು ನಾಲ್ಕು ವರ್ಷ ಆದ್ರೂ ನಮ್ಮಿಬ್ರ ನಡುವೇನೇ ಮಲಗ್ತಾಳೆ. ಆ ಮಂಚ ಮಾಡೋರಿಗೆ ಒಂದು ಹೇಳ್ತೀರಾ?"

"ಅಳತೆ ನಾಲ್ಕಕ್ಕೆ ಎರಡಾ ಸಾರ್?"

"ಬೇಡ ಬೇಡ. ಅವ್ರ ಅಳತೇನೇ ಇರ್ಲಿ."

ಅವನು ಗೇಟು ದಾಟಿದ ಮೇಲೆ ಮಂಚಗಳನ್ನು ಮತ್ತೆ ಸೇರಿಸಿ ಕಟ್ಟಿದೆ, ಒಳಗಿನ ಎರಡನ್ನೂ ತಂದು. ಬರುವ ಮುಂಚೆ ಫೋನು ಮಾಡುತ್ತೇನೆ ಎಂದಿದ್ದಾನೆ. ಯಾಕೆ ಹಾಗೆಂದನೋ.

ಜುಲೈ 23, ಬುಧವಾರ

ಬರೆಯುವಂಥದ್ದೇನೂ ಇಲ್ಲ. ಓಲೆ ಎಲ್ಲಿಟ್ಟೆನೆಂದು ಮರೆತಿದ್ದೆ, ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಸಿಕ್ಕಿತು. ಮೂರು ವಾರವಾಯಿತು ಬಿಚ್ಚಿ. ಬೆಳಿಗ್ಗೆ ಹಾಲಿನವನು ಎರಡು ಸಲ ಬಾಗಿಲು ಬಡಿದು ಹೋದನಂತೆ, ನನಗೆ ಕೇಳಿಸಲಿಲ್ಲ. ಕಿವಿ ಮಂದವಾಗುತ್ತಿದೆಯೋ ಏನೋ.

ಆಗಸ್ಟ್ 3, ಭಾನುವಾರ

ನಾಳೆ ಡಾಕ್ಟರಿಗೆ ಪುಸ್ತಕ ತೋರಿಸಬೇಕು. ತಿರುವಿ ನೋಡಿದರೆ ಜುಲೈ 8 ಆದ ಮೇಲೆ ನಿದ್ದೆಯ ಲೆಕ್ಕ, ಮಾತ್ರೆಯ ಲೆಕ್ಕ ಎರಡನ್ನೂ ಬರೆದೇ ಇಲ್ಲ. ಬೇರೆಯದನ್ನೆಲ್ಲ ಗೀಚಿ ಹೇಳಿದ್ದನ್ನೇ ಬಿಟ್ಟಿದ್ದೇನೆ. ಬೈಸಿಕೊಳ್ಳಬೇಕು. ಫೀಸು ಕೊಟ್ಟು ಬೈಸಿಕೊಳ್ಳುವುದು.

ಇನ್ನು ಯಾರಿಗೆ ಏನು ಸಿಕ್ಕಿತು.

ಕಂಪನಿಗೆ: ಫೋಟೋ ಹನ್ನೊಂದು.

ರೇವಣಸಿದ್ದಯ್ಯನವರಿಗೆ: 11,500, ಮೇಲೆ 101, ಹೊಸ ಆರ್ಡರು ಒಂದು, ತಾನು ಮಾಡಿದ್ದೇ ಸರಿ ಎಂಬ ಹೆಮ್ಮೆ.

ಭಾನುಪ್ರಕಾಶನಿಗೆ: ಮಗಳಿಗೆ ಮಂಚ. ಅವಳು ಅದರ ಮೇಲೆ ಗೊಂಬೆ ಮಲಗಿಸಿ ತಾನು ನಡುವೆಯೇ ಬಂದು ಮಲಗುತ್ತಾಳಂತೆ.

ಅನುಪಮಾಳಿಗೆ: ಹದಿನೆಂಟು ಸಾವಿರದ ಮಂಚ ಒಂಬತ್ತಕ್ಕೆ.

ಸುಧಾಳಿಗೆ: ದಿನಕ್ಕೆ 430, ನಿಂತಿಲ್ಲ. ನನಗೆ ಕೊಡುವ 1,200 ಈ ತಿಂಗಳು ತಂದಳು. ಚಿಲ್ಲರೆ ಇಲ್ಲವೆಂದು ವಾಪಸ್ ಕಳಿಸಿದೆ.

ಚಂದ್ರುವಿಗೆ: ಏನೂ ಇಲ್ಲ. ಅವನು ಎಲ್ಲಿಯಾದರೂ ಮಲಗುತ್ತಿದ್ದ.

ತೇಜುವಿಗೆ: ಮಧ್ಯಾಹ್ನ ಒಂದೂವರೆ ಗಂಟೆ. ಕಾಲು ಚಾಚಿದರೂ ಮಂಚ ಇನ್ನೂ ಒಂದು ಗೇಣಿಗಿಂತ ಜಾಸ್ತಿ ಉಳಿಯುತ್ತದೆ.

ನನಗೆ: ಖರ್ಚು 14,501ರಲ್ಲಿ ದೊಡ್ಡ ಮಂಚದ 9,000 ಮತ್ತು ನಾಣ್ಯದ ಎರಡು ಕಳೆದರೆ 5,499. ಕಂಪನಿ ಹೆಚ್ಚಿಗೆ ಕೊಡುವ ದುಡ್ಡಿನಲ್ಲಿ ಎರಡು ತಿಂಗಳಿಗೆ ಹುಟ್ಟುತ್ತದೆ. ಇದರ ಮೇಲೆ ನಷ್ಟ ಒಂದು. ಜೂನ್ 30ರಂದು ತಂದ ಶೀಟಿನಲ್ಲಿ ಹನ್ನೊಂದು ಮಾತ್ರೆ ಹಾಗೇ ಉಳಿದಿವೆ, ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಆರರಂತೆ ಅರವತ್ತಾರು ರೂಪಾಯಿ ದಂಡ.